ಬೆನ್ನಿಗೆ ಹತ್ತದ ಮಣ್ಣು

ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತೇ ಹೋಗುವ ಮನುಷ್ಯನನ್ನು ನೀವು ಕಂಡಿದ್ದರೆ, ಅದು ನಾನು. ಒಮ್ಮೆ ಹೊಸ ಕಂಡಕ್ಟರನೊಬ್ಬ ಕುಳಿತುಕೊಳ್ಳಲು ಹೇಳಿ ಹೇಳಿ ಬೇಸತ್ತು, ಬಸ್ಸಿಗೆಲ್ಲ ಕೇಳುವಂತೆ, "ಯಾಕ್ರಿ ಸಾಹೇಬ್ರ, ಮೂಲವ್ಯಾಧಿ ಐತೇನ್ರಿ?" ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಟಿಕೀಟಿನ್ಯಾಗ ಕುಂದರಾಕ ಬೇಕಂತ ಬರದೈತೇನ್ರಿ?" ಎಂದು ಕೇಳಿದೆ. ಹಿಂದಿನಿಂದ ಯಾರೋ ನಕ್ಕರು. ಯಾರೆಂದು ನೋಡಲು ನಾನು ಕತ್ತನ್ನಷ್ಟೇ ತಿರುಗಿಸಿದರೆ ಸಾಲದು, ಎತ್ತಿನ ಗಾಡಿ ತಿರುಗಿಸಿದ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು. ನಾನು ತಿರುಗುವಷ್ಟರಲ್ಲಿ ನಕ್ಕವರು ಕಿಟಕಿಯಾಚೆ ಕಬ್ಬು ನೋಡುತ್ತಿದ್ದರು.

ನನಗಿರುವ ರೋಗದ ಹೆಸರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ನಮ್ಮ ಮನೆಯಲ್ಲಿ ಅದನ್ನು ಒಂದೇ ಉಸಿರಿಗೆ ಹೇಳಬಲ್ಲವರು ಯಾರೂ ಇಲ್ಲ, ಅದಕ್ಕೇ ಎಲ್ಲರೂ 'ಬೆನ್ನಿನ ಬ್ಯಾನಿ' ಎನ್ನುತ್ತಾರೆ. ಬೆನ್ನಹುರಿಯ ಸುತ್ತಲಿನ ಎಲುಬುಗಳು ಬಾವು ಬಂದು, ಒಂದಕ್ಕೊಂದು ಮೆಲ್ಲಗೆ ಬೆಸೆದುಕೊಳ್ಳುತ್ತಾ ಹೋಗುತ್ತವೆ. ಬೇರೆ ರೋಗಗಳಲ್ಲಿ ಮಲಗಿದರೆ ಆರಾಮ, ಎದ್ದರೆ ನೋವು. ಇದು ಉಲ್ಟಾ. ಮಲಗಿದಷ್ಟೂ ನೋವು, ಕುಳಿತಷ್ಟೂ ಬಿಗಿತ, ಅಲುಗಾಡಿದರೆ ಮಾತ್ರ ಮೈ ನನ್ನ ಮಾತು ಕೇಳುತ್ತದೆ. ಪ್ರತಿದಿನ ನಸುಕಿನಲ್ಲಿ ನಾನು ಮೊದಲು ಮಾಡುವ ಕೆಲಸ ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲುವುದು. ತಲೆಯ ಹಿಂಭಾಗ ಗೋಡೆಗೆ ತಾಗಿತೋ ಇಲ್ಲವೋ ಎಂದು ನೋಡಿಕೊಳ್ಳುತ್ತೇನೆ. ತಾಗದ ದಿನ ಬಂದರೆ, ಅಲ್ಲಿಂದ ಮುಂದೆ ಕತ್ತು ಬಾಗುತ್ತಲೇ ಹೋಗಿ ನನ್ನ ಕಣ್ಣಿಗೆ ನೆಲ ಬಿಟ್ಟು ಬೇರೇನೂ ಕಾಣದೆ ಹೋಗಬಹುದು. ಆ ಒಂದು ಕ್ಷಣ ಪ್ರತಿದಿನ ಹೆದರುತ್ತೇನೆ. ಹಳೆಯ ಹೆದರಿಕೆ, ಆದರೂ ರೂಢಿಯಾಗಿಲ್ಲ.

ನಮ್ಮದು ಮೂಡಲಗಿಯ ಬಾಜೂದ ಹಳ್ಳಿ. ಕುರಿ ಕಾಯುವ, ಹೊಲ ಮಾಡುವ ಮನೆತನ. ಅಜ್ಜ, ಮುತ್ತಜ್ಜ ಎಲ್ಲ ಕುರಿಗಳ ಹಿಂದೆ ನಡೆದು ನಡೆದೇ ಮುದುಕರಾದವರು. ನಮ್ಮ ಮನೆಗೆ ಕುರ್ಚಿ ಬಂದದ್ದೇ ನನ್ನ ಪಗಾರದ ನೌಕರಿಯ ಜೊತೆಗೆ. ಅಪ್ಪ ಕುರಿಗಳನ್ನು ನೋಡಿಕೊಂಡರೆ ಅವರ ತಮ್ಮ, ನಮ್ಮ ಕಾಕಾ, ಊರಿನ ಗರಡಿ ಮನೆ ನೋಡಿಕೊಂಡರು. ಕಾಕಾ ನಮಗೆಲ್ಲ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು. ನನ್ನನ್ನು ಏಳನೆಯ ವರ್ಷಕ್ಕೇ ಕೆಂಪು ಮಣ್ಣಿನ ಅಖಾಡಕ್ಕೆ ಇಳಿಸಿದವರು ಅವರೇ.

ಕುಸ್ತಿಯಲ್ಲಿ ಸೋಲು ಎಂದರೆ ಎರಡೂ ಭುಜ ಮಣ್ಣಿಗೆ ಹತ್ತುವುದು. ಕಾಕಾ ಈ ನಿಯಮವನ್ನು ಕಣದಾಚೆಗೂ ಎಳೆದಿದ್ದರು. ಅವರ ಗರಡಿಯಲ್ಲಿ ಎಷ್ಟೇ ದಣಿದರೂ ಯಾರೂ ತಾವಾಗಿ ಅಂಗಾತ ಮಲಗುವಂತಿರಲಿಲ್ಲ. ಬೋರಲು ಮಲಗು, ಮಗ್ಗುಲಾಗು, ಗೋಡೆಗೆ ಒರಗು, ಏನಾದರೂ ಮಾಡು. ಬೆನ್ನು ಮಣ್ಣಿಗೆ ಕೊಟ್ಟೆಯೋ, ಬೆತ್ತ ತೊಡೆಯ ಮೇಲೆ ಬೀಳುತ್ತಿತ್ತು. "ತಾನ ಹೋಗಿ ಸೋಲಾಂವಗ ಗೆಲ್ಲಾಕ ಯಾರ್ ಕಲಸ್ಬೇಕಲೇ?" ಎನ್ನುತ್ತಿದ್ದರು. ಅವರ ಸ್ವಂತ ಬೆನ್ನಿನದು ದೊಡ್ಡ ಕಥೆ. ಕೊಣ್ಣೂರಿನ ಕುಸ್ತಿಯಲ್ಲಿ ಅಂಕಲಗಿಯ ಪೈಲ್ವಾನನೊಬ್ಬ ಅವರನ್ನು ಕೆಡವಿ ಎದೆಯ ಮೇಲೆಯೇ ಕುಳಿತನಂತೆ. ಎಡಭುಜ ಒತ್ತಿದರೆ ಬಲಭುಜ ಏಳುತ್ತಿತ್ತು, ಬಲ ಒತ್ತಿದರೆ ಎಡ. ಹಲಗೆ ಬಾರಿಸುವವರ ಕೈ ಸೋತವು, ಹೊತ್ತು ಮುಳುಗಿತು, ಪಂಚರು ಜೋಡಿ ಬಿಡಿಸಿ ಸಮ ಎಂದರು. "ನನ್ನ ಬೆನ್ನ ಭೂಮಿತಾಯಿಗೂ ಸಿಕ್ಕಿಲ್ಲ" ಎಂದು ಕಾಕಾ ಮೀಸೆ ತಿರುವುವಾಗ ನಮಗೆಲ್ಲ ಮೈ ಝುಮ್ಮೆನ್ನುತ್ತಿತ್ತು. ಅವರ ಕಣ್ಣು ಆಗಾಗ ಕೆಂಡದಂತೆ ಕೆಂಪಗಾಗುತ್ತಿದ್ದವು. ಅದನ್ನೂ ನಾವು ಪೈಲ್ವಾನನ ಗತ್ತು ಎಂದೇ ನಂಬಿದ್ದೆವು.

ಇಪ್ಪತ್ತು ದಾಟಿ ಮೂರು ನಾಲ್ಕು ವರ್ಷವಾಗಿರಬೇಕು, ನನ್ನ ಸೊಂಟ ಹಿಡಿಯತೊಡಗಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಗರಡಿಗೆ ತಡವಾಗಿ ಹೋದರೆ ಕಾಕಾ, "ಕಳ್ಳ ಮೈ ನಿಂದು, ಇನ್ನೂ ಬೈಠಕ್ ಹೊಡಿ" ಎಂದು ಬೈಯುತ್ತಿದ್ದರು. ಬೈಠಕ್, ಅಂದರೆ ಬಸ್ಕಿ, ಹೊಡೆದರೆ ನಿಜಕ್ಕೂ ಹಗುರಾಗುತ್ತಿತ್ತು. ಅದರಿಂದ ನನಗೇ ನನ್ನ ಮೇಲೆ ಅನುಮಾನ ಬಂತು. ನೋವು ಖರೆ ಇದ್ದರೆ ಬೈಠಕ್ಕಿಗೆ ಹೆದರಿ ಹೋಗುತ್ತದೆಯೇ? ಬಹುಶಃ ನಾನು ಸೋಮಾರಿಯೇ ಎಂದುಕೊಂಡೆ. ಅಷ್ಟರಲ್ಲಿ ಗೋಕಾಕದ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ನೌಕರಿ ಸಿಕ್ಕಿತು. ಗರಡಿ ಬಿಟ್ಟು, ಗೋಕಾಕದಲ್ಲಿ ಬಾಡಿಗೆ ಮನೆ ಹಿಡಿದು, ಕುರ್ಚಿಯ ಮೇಲೆ ಕುಳಿತೆ.

ಮದುವೆಯಾದದ್ದು ಹುಕ್ಕೇರಿಯ ಹುಡುಗಿಯನ್ನು. ಹುಕ್ಕೇರಿಯವರ ಉಪಚಾರದ ಬಗ್ಗೆ ನಾನು ಒಂದು ಮಾತು ಹೇಳಲೇಬೇಕು: ಆ ಉಪಚಾರದಿಂದ ಮನುಷ್ಯ ಸಾಯಬಹುದು. ಅಳಿಯನಿಗೆ ಬೆನ್ನುನೋವು ಎಂದು ತಿಳಿದದ್ದೇ ತಡ, ಅಲ್ಲಿಯ ಡಾಕ್ಟರೊಬ್ಬರು "ಪೂರ್ತಿ ರೆಸ್ಟ್" ಎಂದರು, ನಮ್ಮ ಅತ್ತೆಯವರು ಮೊಣಕಾಲುದ್ದದ ಹತ್ತಿಯ ಗಾದಿ ಹಾಕಿಸಿದರು. ನೀರಿಗೆ ಎದ್ದರೂ, "ಏಳಬ್ಯಾಡ್ರಿ, ನಾವಿಲ್ಲೇನ್ರಿ?" ಎಂದು ತಂಬಿಗೆ ಬಾಯಿಗೇ ಬರುತ್ತಿತ್ತು. ಒಂದು ತಿಂಗಳು ಹಾಗೆ ಮಲಗಿದೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ, ಮಲಗಿ ಉಂಡದ್ದಕ್ಕೆ ನಾನು ತೆತ್ತದ್ದು ಕತ್ತನ್ನು. ತಿಂಗಳ ಕೊನೆಗೆ ನನ್ನ ಕತ್ತು ಎಡಕ್ಕೂ ತಿರುಗಲಿಲ್ಲ, ಬಲಕ್ಕೂ ತಿರುಗಲಿಲ್ಲ. ಹೆಂಡತಿ ಬಟ್ಟೆ ಕಟ್ಟಿಕೊಂಡು, "ನಡೀರಿ, ಬೆಳಗಾವಿಗೆ ಹೋಗೂಣು" ಎಂದು ಎಬ್ಬಿಸಿದಳು.

ಬೆಳಗಾವಿಯ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಇವತ್ತಿಗೂ ನೆನಪಿದೆ. "ಮಲಗಿದರೆ ಕಡಿಮೆಯಾಗುತ್ತದೋ, ಓಡಾಡಿದರೆ ಕಡಿಮೆಯಾಗುತ್ತದೋ?" ಅಷ್ಟು ವರ್ಷಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. "ಓಡಾಡಿದರೆ" ಎಂದೆ. ನಾನು ಸೋಮಾರಿಯಲ್ಲ, ನನ್ನದು ಕಳ್ಳ ಮೈ ಅಲ್ಲ ಎಂದು ಸರಕಾರಿ ಮೊಹರು ಬಿದ್ದಷ್ಟು ಸಂತೋಷವಾಯಿತು. ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಬೆನ್ನು ಬಿಗಿದಿದೆಯೇ, ಕಣ್ಣು ಕೆಂಪಗಾಗುತ್ತದೆಯೇ ಎಂದು ಅವರು ವಿಚಾರಿಸಿದರು. "ಇಲ್ರಿ, ನಮ್ಮದು ಪೈಲ್ವಾನರ ಮನೆತನ" ಎಂದು ಎದೆಯುಬ್ಬಿಸಿ ಹೇಳಿದೆ. ಗುಳಿಗೆ, ಇಂಜೆಕ್ಷನ್ನು ಶುರುವಾದವು. ಜೋಡಿ ಕಟ್ಟಿ ಕುಸ್ತಿ ಹಿಡಿಯುವುದು ಬಂದ್, ಬಿಗಿದ ಬೆನ್ನು ಬಿದ್ದರೆ ಮುರಿಯುತ್ತದೆ. ಉಳಿದ ವ್ಯಾಯಾಮ ಒಂದು ದಿನವೂ ತಪ್ಪಬಾರದು. ಕೊನೆಗೆ ಅವರು ಹೇಳಿದ ಮಾತು: "ದಿನಾ ಸ್ವಲ್ಪ ಹೊತ್ತು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿ, ಇಡೀ ಬೆನ್ನು ನೆಲಕ್ಕೆ ಹತ್ತಬೇಕು."

ನಾನು ಗೋಕಾಕದ ಮನೆ ಬಿಟ್ಟು ಊರಿಗೆ ಬಂದುಬಿಟ್ಟೆ, ಗರಡಿಗಾಗಿ. ಅಲ್ಲಿಂದ ದಿನಾ ಬಸ್ಸಿನಲ್ಲಿ ನೌಕರಿಗೆ ಹೋಗುವುದು. ಕಾಟಾದ ಮೇಜಿನ ಕೆಳಗೆ ಇಟ್ಟಂಗಿ ಇಟ್ಟು ಎತ್ತರಿಸಿಕೊಂಡು ನಿಂತೇ ತೂಗುತ್ತೇನೆ. ಟ್ರ್ಯಾಕ್ಟರಿನವರು ನನ್ನನ್ನು 'ನಿಂತ ದೇವರು' ಎನ್ನುತ್ತಾರೆ, ಎನ್ನಲಿ. ನಸುಕಿನಲ್ಲಿ ಗರಡಿಗೆ ಹೋಗಿ, ಹುಡುಗರು ಬರುವ ಮೊದಲು ಸಲಿಕೆ ಹಿಡಿದು ಮಣ್ಣು ಅಗೆದು ಸಡಿಲ ಮಾಡುತ್ತೇನೆ. ಮೊದಲ ಸಲಿಕೆಗೆ ಬೆನ್ನು ಕಿರುಗುಟ್ಟುತ್ತದೆ, ಕಣದ ಆಚೆ ತುದಿ ಮುಟ್ಟುವಷ್ಟರಲ್ಲಿ ಬೆವರು ಒಡೆದು ಎದೆ ತೆರೆಯುತ್ತದೆ. ಆಮೇಲೆ ಬೈಠಕ್, ಆಮೇಲೆ ಮರದ ಮುದ್ಗರವನ್ನು ತಲೆಯ ಹಿಂದಿನಿಂದ ತಿರುಗಿಸುವುದು. ಕುಸ್ತಿಯ ಹೆಜ್ಜೆಗಳನ್ನು ಎದುರಾಳಿ ಇಲ್ಲದೆ ಒಬ್ಬನೇ ಹಾಕುತ್ತೇನೆ. ಎದುರಾಳಿ ಒಳಗೇ ಇರುವಾಗ ಹೊರಗೆ ಹುಡುಕುವುದೇಕೆ? ಆ ಒಂದು ತಾಸು ನಾನು ರೋಗಿ ಎಂಬುದನ್ನು ಮರೆತಿರುತ್ತೇನೆ. ಅಂಗಾತ ಮಲಗುವ ಪಾಠವನ್ನು ಮಾತ್ರ ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಹೆಂಡತಿಯ ಎದುರಿಗಷ್ಟೇ ಮಾಡುತ್ತಿದ್ದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮ್ಮಂಥವರನ್ನು ನೋಡಿಯೇ ಹುಟ್ಟಿರಬೇಕು.

ನಾನು ಊರು ಬಿಟ್ಟಿದ್ದ ಆ ವರ್ಷಗಳಲ್ಲಿ ಗರಡಿಯಲ್ಲಿ ಒಂದು ಹೊಸ ವಸ್ತು ಬಂದಿತ್ತು: ಕುರ್ಚಿ. ಶಿಷ್ಯರೆಲ್ಲ ಕೂಡಿ, ವಸ್ತಾದರ ತಲೆಗೆ ಪಟಕಾ ಸುತ್ತಿ, ಹಾರ ಹಾಕಿ, ಕೈಯಿರುವ ಸಾಗುವಾನಿ ಕುರ್ಚಿಯೊಂದನ್ನು ಕೊಟ್ಟಿದ್ದರು. "ಇನ್ನ ನೀವು ಆರಾಮ ಕುಂದರ್ರಿ, ದುಡದದ್ದು ಸಾಕು" ಎಂದಿದ್ದರು. ಕಾಕಾ ಎಂದರೆ ನನ್ನ ಪಾಲಿಗೆ ಒಂದು ಕಡೆ ನಿಲ್ಲದ ಮನುಷ್ಯ. ಕೋಳಿ ಕೂಗುವ ಮೊದಲು ಕಾಲುವೆಯ ದಂಡೆಗುಂಟ ನಡೆಯುತ್ತಿದ್ದರು, ಊಟವನ್ನೂ ಅಡ್ಡಾಡುತ್ತ ಮಾಡುತ್ತಿದ್ದರು, ಕುಳಿತವರನ್ನು ಕಂಡರೆ ಬೆತ್ತ ಎತ್ತುತ್ತಿದ್ದರು. ಅಂಥವರು ನಾನು ತಿರುಗಿ ಬರುವಷ್ಟರಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕುರ್ಚಿಯಲ್ಲಿದ್ದರು. ಗದ್ದ ಎದೆಗೆ ಹತ್ತಿತ್ತು. ಎದ್ದು ನಿಂತರೆ ನೋಟ ಸೀದಾ ತಮ್ಮ ಚಪ್ಪಲಿಗೆ ಬೀಳುತ್ತಿತ್ತು. ನಾನು ಕಾಲಿಗೆ ಬಿದ್ದಾಗ, "ಯಾರ?" ಎಂದು ಕೇಳಿ, ದನಿಯಿಂದ ಗುರುತು ಹಿಡಿದರು. ಆಮೇಲಾಮೇಲೆ ನನ್ನನ್ನು ಕಾಲ್ಬೆರಳು ನೋಡಿಯೇ ಗುರುತಿಸುತ್ತಿದ್ದರು. "ವಯಸ್ಸಾತ್ರಿ, ಎಷ್ಟ್ ಕುಸ್ತಿ ಹಿಡದ ಮೈ!" ಎಂದು ಊರಿನವರು ಹೇಳುತ್ತಿದ್ದರು. ನಾನೂ ಹಾಗೆಯೇ ನಂಬಿದೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಂದು ಚಳಿಗಾಲದಲ್ಲಿ ನನ್ನ ಬಲಗಣ್ಣು ಕೆಂಡವಾಯಿತು. ಬೆಳಕು ಚುಚ್ಚುತ್ತಿತ್ತು, ಎಲ್ಲ ಮಸುಕು. ಇದೂ ಅದೇ ರೋಗದ ಚೇಷ್ಟೆ ಎಂದು ಡಾಕ್ಟರು ಹನಿ ಔಷಧ ಕೊಟ್ಟರು. ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಕನ್ನಡಿಯಲ್ಲಿ ಇದ್ದದ್ದು ಕಾಕಾನ ಕಣ್ಣು.

ಆ ದಿನ ನಾನು ಮನೆಯಲ್ಲಿ ನಿಲ್ಲಲಾಗದೆ ಹೊಲದ ಬದುವಿನ ಮೇಲೆ ಹೋಗಿ ಬಂದು ಮಾಡಿದೆ. ಕಾಕಾ ನಿದ್ದೆ ಬಿಟ್ಟು ಕಾಲುವೆಗುಂಟ ನಡೆಯುತ್ತಿದ್ದದ್ದು, ಕುಳಿತರೆ ಚಡಪಡಿಸುತ್ತಿದ್ದದ್ದು, ಎಲ್ಲವೂ ಈಗ ಬೇರೆಯಾಗಿಯೇ ಕಂಡಿತು. ಕಾಕಾಗೂ ಇದೇ ರೋಗ. ಹೆಸರು ಗೊತ್ತಿಲ್ಲದೆ, ಗುಳಿಗೆ ಇಲ್ಲದೆ, ಬರೀ ಸಾಮು ಮಾಡುತ್ತ ಇಷ್ಟು ವರ್ಷ ಅದನ್ನು ಹಿಡಿದು ನಿಲ್ಲಿಸಿದ್ದರು. ಯಾವ ಪೈಲ್ವಾನನಿಂದಲೂ ಆಗದ್ದನ್ನು ಗೌರವದ ಕುರ್ಚಿ ಮಾಡಿಬಿಟ್ಟಿತ್ತು. ನನಗೆ ಹುಕ್ಕೇರಿಯ ಗಾದಿ, ಅವರಿಗೆ ಸಾಗುವಾನಿ ಕುರ್ಚಿ. ನಮ್ಮ ಕಡೆ ಪ್ರೀತಿ ಎಂದರೆ ಮೊದಲ ಮಾತೇ 'ಕುಂದರ್ರಿ'.

ಹಟ ಮಾಡಿ ಅವರನ್ನು ಬೆಳಗಾವಿಗೆ ಕರೆದುಕೊಂಡು ಹೋದೆ. ಎಕ್ಸ್‌ರೇಯಲ್ಲಿ ಬೆನ್ನು ಬಿದಿರಿನ ಗಳದಂತೆ ಒಂದೇ ಆಗಿತ್ತು. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಬೆಸೆದುಕೊಂಡದ್ದು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಆದರೆ ಟೊಂಕ, ಭುಜ, ಉಸಿರು ಇನ್ನೂ ಉಳಿದಿವೆ, ಕುಳಿತೇ ಇದ್ದರೆ ಅವೂ ಹೋಗುತ್ತವೆ. ನಡೆಯಬೇಕು, ಕೈ ಎತ್ತಬೇಕು, ತಲೆಗೆ ಆಸರೆ ಕೊಟ್ಟು ದಿನಾ ಅಂಗಾತ ಮಲಗಬೇಕು. ಇದು ಮೂವತ್ತು ನಲವತ್ತು ವರ್ಷದ ಹಿಂದೆಯೇ ಶುರುವಾಗಿರಬೇಕು ಎಂದೂ ಸೇರಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕುಳಿತಿದ್ದರು, ನಾನು ಪಕ್ಕದಲ್ಲಿ ನಿಂತಿದ್ದೆ. ಬಸ್ಸು ಬೆಳಗಾವಿ ದಾಟಿತು. ಆಮೇಲೆ ನೆಲದ ಕಡೆ ಮುಖ ಮಾಡಿಕೊಂಡೇ ಕೇಳಿದರು:

"ಹಂಗಾರ ಕೊಣ್ಣೂರಾಗ ನನ್ನ ಬೆನ್ನ ಹತ್ತಲಿಲ್ಲಲ್ಲ, ಅದು ನನ್ನ ತಾಕತ್ತಲ್ಲ? ಈ ಬ್ಯಾನೀದು?"

ಸುಳ್ಳು ಹೇಳಲು ಮನಸ್ಸಾಯಿತು. "ಬ್ಯಾನಿ ಇಟಗೊಂಡು ಕಣದಾಗ ನಿಂತ್ರೆಲ್ರಿ ಕಾಕಾ, ಅದು ಯಾರ ತಾಕತ್ರಿ?" ಎಂದೆ. ಅವರು ಕೈ ಅಲ್ಲಾಡಿಸಿ ನನ್ನ ಮಾತನ್ನು ತಳ್ಳಿಹಾಕಿದರು. ಒಬ್ಬ ಮನುಷ್ಯನ ಇಡೀ ಆಯುಷ್ಯದ ಹೆಮ್ಮೆಯನ್ನು ನಾನು ಒಂದು ಫೋಟೋ ತೆಗೆಸಿ ಕಸಿದುಕೊಂಡೆನಲ್ಲ ಎನಿಸಿತು.

ಮರುದಿನದಿಂದ ಅವರು ಕುರ್ಚಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡರು. ನಡೆಯಿರಿ ಎಂದರೆ ಕಾಲು ನೋವು, ಕೈ ಎತ್ತಿರಿ ಎಂದರೆ ನಾಳೆ. ಮಲಗುವ ಮಾತಂತೂ ತೆಗೆಯುವಂತೆಯೇ ಇಲ್ಲ. ಕಥೆ ಹೇಳುವುದನ್ನೂ ಬಿಟ್ಟರು. ಮಳೆಗಾಲ ಹತ್ತಿರ ಬರುವಷ್ಟರಲ್ಲಿ ಎರಡು ಹೆಜ್ಜೆಗೇ ಏದುಸಿರು ಬಿಡತೊಡಗಿದರು. ಹೀಗೇ ಬಿಟ್ಟರೆ ವರ್ಷದೊಳಗೆ ಅವರು ಹಾಸಿಗೆ ಹಿಡಿಯುತ್ತಾರೆ ಎಂಬುದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅವರ ಹಿಂದೆಯೇ ನಾನೂ. ಇದು ಸ್ವಾರ್ಥ ಎಂದರೆ ಸ್ವಾರ್ಥವೇ. ಅವರು ಏಳದಿದ್ದರೆ ನಾನು ಪ್ರತಿದಿನ ನಸುಕಿನಲ್ಲಿ ಯಾವ ಧೈರ್ಯದ ಮೇಲೆ ಏಳಬೇಕು?

ಒಂದು ಮುಂಜಾನೆ ನನ್ನ ಸಿಟ್ಟು ನೆತ್ತಿಗೇರಿತು. ಹುಡುಗರೆಲ್ಲ ಬೈಠಕ್ ಹೊಡೆಯುತ್ತಿದ್ದರು. ಕಾಕಾ ಬಾಗಿಲಲ್ಲಿ ಕಾಲಿಟ್ಟದ್ದೇ ಒಬ್ಬ ಶಿಷ್ಯ ಓಡಿಹೋಗಿ ಪಂಜಿ ಬಟ್ಟೆಯಿಂದ ಕುರ್ಚಿ ಒರೆಸಿ, "ಬರ್ರಿ ವಸ್ತಾದ್ರ, ಕುಂದರ್ರಿ" ಎಂದ. ನಾನು ಕುರ್ಚಿಯನ್ನು ಎತ್ತಿ ಹೊರಗೆ ಅಂಗಳಕ್ಕೆ ಒಗೆದೆ. ಹುಡುಗರ ಬೈಠಕ್ ಅರ್ಧಕ್ಕೇ ನಿಂತವು. "ಹುಚ್ಚ ಹಿಡದೈತೇನ್ರಿ ನಿಮಗ? ಹಿರ್ಯಾರ ಕುರ್ಚಿ ಅದು!" ಎಂದು ಶಿಷ್ಯ ಮೇಲೇರಿ ಬಂದ. ಕಾಕಾ ಬೆತ್ತ ನೆಲಕ್ಕೆ ಕುಟ್ಟಿದರು.

"ಕುರ್ಚಿ ತಂದ ಇಡಲೇ."

"ಇಡೂದಿಲ್ರಿ."

"ಮತ್ತ ನಾ ಎಲ್ಲಿ ಕುಂದರ್ಲಿ?"

"ಕುಂದರಬ್ಯಾಡ್ರಿ. ಡಾಕ್ಟರ್ ಹೇಳಿದ್ದ ಮಾಡ್ರಿ."

"ಈ ಹುಡುಗೂರ ಮುಂದ? ಮಣ್ಣಾಗ ಬೆನ್ನ ಹಚ್ಚಲಿ? ಅದಕ್ಕಿಂತ ನನ್ನ ಹೂಳ್ರಿ ಅದರಾಗ."

ಇನ್ನು ಬಾಯಿಂದ ಆಗುವುದೇನೂ ಉಳಿದಿರಲಿಲ್ಲ. ನಾನು ಅಂಗಿ ತೆಗೆದು ಕಣಕ್ಕೆ ಇಳಿದೆ. ಅಗೆದ ಮಣ್ಣು ಇನ್ನೂ ತಂಪಾಗಿತ್ತು. ಎಲ್ಲರೂ ನೋಡುತ್ತಿರುವಂತೆಯೇ ಮೊದಲು ಕುಳಿತು, ಆಮೇಲೆ ಮಗ್ಗುಲಾಗಿ, ಆಮೇಲೆ ಅಂಗಾತನಾದೆ. ಸೊಂಟ ಹತ್ತಿತು, ಭುಜ ಎರಡೂ ಹತ್ತಿದವು. ತಲೆ ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತು, ಮೆಲ್ಲಗೆ ಇಳಿದು ಮಣ್ಣಿಗೆ ಹತ್ತಿತು. ನನಗೆ ನಾಚಿಕೆಯಾಯಿತು, ಖರೆ ಹೇಳುತ್ತೇನೆ. ಏಳನೆಯ ವರ್ಷದಿಂದ ಹೆದರಿಕೊಂಡು ಬಂದದ್ದನ್ನು ನಾನೇ ಮಾಡಿದ್ದೆ. ತೊಡೆಯ ಮೇಲೆ ಬೆತ್ತ ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ.

ಬೆತ್ತ ಬೀಳಲಿಲ್ಲ. ಕಣ್ಣು ಬಿಟ್ಟಾಗ ಕಾಕಾ ಕಣದ ಅಂಚಿಗೆ ಬಂದು ನನ್ನ ಮೇಲೆ ಬಾಗಿ ನಿಂತಿದ್ದರು. ಬೇರೆ ಕಡೆ ನೋಡಲು ಅವರ ಕತ್ತು ಬಿಡುವುದೂ ಇಲ್ಲ. ನಾನು ಊರಿಗೆ ತಿರುಗಿ ಬಂದ ಮೇಲೆ ಅವರ ಮುಖವೂ ನನಗೆ ಇಷ್ಟು ಸೀದಾ ಎಂದೂ ಕಂಡಿರಲಿಲ್ಲ. ಗದ್ದದ ಕೆಳಗೆ ಕ್ಷೌರಿಕನ ಕತ್ತಿ ಮುಟ್ಟದೆ ಬಿಟ್ಟ ಬಿಳಿ ಕೂದಲಿದ್ದವು. ಅವರು ನನ್ನ ಕಾಲಿನಿಂದ ಶುರುಮಾಡಿ ಮುಖದವರೆಗೆ ನಿಧಾನವಾಗಿ ನೋಡಿದರು.

"ಮೀಸಿ ಯಾವಾಗ ಬೆಳ್ಳಗಾದೂವೋ ತಮ್ಮಾ?"

"ಭಾಳ ವರ್ಷ ಆತ್ರಿ ಕಾಕಾ."

"ನನಗ ಯಾರೂ ಹೇಳಲೇ ಇಲ್ಲ" ಎಂದರು. ಬೆತ್ತವನ್ನು ಗೋಡೆಗೆ ಒರಗಿಸಿ, ಒಂದು ಕೈ ನನ್ನತ್ತ ಚಾಚಿದರು. "ಆ ಕಡಿ ಸರಿ."

ಅವರನ್ನು ಇಳಿಸುವುದು ಸುಲಭವಿರಲಿಲ್ಲ. ನಾನೂ ಆ ಸಿಟ್ಟು ಮಾಡಿದ ಶಿಷ್ಯನೂ ಕೂಡಿ, ಒಬ್ಬರು ಟೊಂಕಕ್ಕೆ, ಒಬ್ಬರು ಭುಜಕ್ಕೆ ಕೈ ಕೊಟ್ಟು, ಮೊದಲು ಮೊಣಕಾಲು, ಆಮೇಲೆ ಮಗ್ಗುಲು ಎಂದು ಇಳಿಸಿದೆವು. ಅಂಗಾತ ಮಾಡುವ ಹೊತ್ತಿಗೆ ನೋಡಿದರೆ ಹುಡುಗರೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ವಸ್ತಾದರ ಬೆನ್ನು ಮಣ್ಣಿಗೆ ಹತ್ತುವುದನ್ನು ನೋಡಬಾರದೆಂದು ತಾವಾಗಿಯೇ ತಿರುಗಿದ್ದರು.

ಕಾಕಾನ ಬೆನ್ನಿನ ಬಾಗು ಮಾತ್ರ ಮಣ್ಣಿಗೆ ತಾಗಿತು. ಭುಜ ತಾಗಲಿಲ್ಲ, ತಲೆ ಗೇಣಿಗಿಂತ ಮೇಲೆಯೇ ನಿಂತಿತು. ನನ್ನ ಅಂಗಿಯನ್ನೂ ಶಿಷ್ಯನ ಪಂಜಿಯನ್ನೂ ಮಡಿಚಿ ಕೆಳಗೆ ಕೊಟ್ಟು, ಸಾಲದ್ದಕ್ಕೆ ನನ್ನ ಅಂಗೈ ಇಟ್ಟೆ. ತಲೆಯ ಭಾರ ಪೂರ್ತಿ ಕೈಗೆ ಬರಲು ಬಹಳ ಹೊತ್ತು ಹಿಡಿಯಿತು. ಬಿಗಿ ಹಿಡಿದ ಉಸಿರನ್ನು ಅವರು ಒಮ್ಮೆಲೇ ಬಿಟ್ಟರು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ಅವರು ಅದನ್ನು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಡಲೂ ಇಲ್ಲ. ಬಾಗಿಲ ಮೇಲಿನ ಇಳಿಜಾರು ಚಾವಣಿಯನ್ನು ದಿಟ್ಟಿಸುತ್ತ ಮಲಗಿದ್ದರು. ಎಷ್ಟೋ ವರ್ಷಗಳಿಂದ ಅವರು ಆ ಕಡೆ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ, ನಾನು ಮರೆತೇಬಿಟ್ಟಿದ್ದ ಆ ಹಳೆಯ ವಸ್ತಾದನ ದನಿಯಲ್ಲಿ ಗದರಿದರು:

"ಏ, ಗ್ವಾಡಿಗೆ ಏನ್ ನೋಡಾಕತ್ತೀರಲೇ? ಈ ಕಡಿ ತಿರಗ್ರಿ. ಮ್ಯಾಲ ಹಂಚ ಒಡದೈತಿ, ಒಬ್ಬಾಂವರೆ ನೋಡೀರೇನು?"